ಗಡಿಯಾರದ ಬೆನ್ನಿನ ಶಾಸನ

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಶಾಸನವೊಂದಿದೆ. ಶಕ ವರ್ಷ 500ರ ಕಾರ್ತಿಕ ಪೌರ್ಣಮಿ, ಎಂದರೆ ಕ್ರಿ. ಶ. 578, ಎಂಬ ಅದರ ಕಾಲನಿರ್ದೇಶವು ನಮ್ಮ ಪ್ರಾಚೀನ ಇತಿಹಾಸಕ್ಕೆ ಭದ್ರವಾದ ಆಧಾರವಾಗಿದೆ. ಅಂದಿನವರಿಗೆ ತಿಥಿಯು ಸಾಕಾಗಿದ್ದಿತು, ನಿಮಿಷದ ಅಗತ್ಯವಿರಲಿಲ್ಲ. ಅದೇ ಊರಿಗೆ ನಿಮಿಷದ ಆಳ್ವಿಕೆಯನ್ನು ತಂದುದು ರೈಲು. ಆ ಆಳ್ವಿಕೆಯ ಶಾಸನಗಳೇ ಹಳೆಯ ರೈಲ್ವೆ ಜೇಬುಗಡಿಯಾರಗಳು.

1876ರಿಂದ 1878ರ ವರೆಗಿನ ಘೋರ ಕ್ಷಾಮದ ತರುವಾಯ, ಧಾನ್ಯವನ್ನು ಶೀಘ್ರವಾಗಿ ಸಾಗಿಸಬೇಕೆಂಬ ಉದ್ದೇಶದಿಂದ ಹೋಟಗಿ–ಗದಗ ಮಾರ್ಗವು ಸಿದ್ಧವಾಯಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದನ್ನು ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ನಡೆಸಿತು. ಒಂಟಿ ಹಳಿಯ ದಾರಿಯಲ್ಲಿ ಎದುರುಬದುರು ಗಾಡಿಗಳು ನಿಲ್ದಾಣದಲ್ಲಿಯೇ ಒಂದನ್ನೊಂದು ದಾಟಬೇಕಷ್ಟೆ. ಆದುದರಿಂದ ಎಲ್ಲ ನಿಲ್ದಾಣಗಳಿಗೂ ಒಂದೇ ವೇಳೆ ಬೇಕಾಯಿತು. ರೈಲುಗಳು ಆಗ ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. ಬಾದಾಮಿಯ ಸೂರ್ಯನಿಗಾದರೋ ಮದರಾಸಿನ ಮಧ್ಯಾಹ್ನವಾದ ಸುಮಾರು 18 ನಿಮಿಷಗಳ ಮೇಲೆ ಮಧ್ಯಾಹ್ನ. 1906ರ ಜನವರಿ 1ರಿಂದ ಭಾರತೀಯ ಪ್ರಮಾಣವೇಳೆಯು ಜಾರಿಗೆ ಬಂದ ಮೇಲೆ ಈ ಅಂತರವು ಸುಮಾರು 27 ನಿಮಿಷಗಳಾಯಿತು, ಎಂದರೆ ಒಂದು ಘಳಿಗೆಗಿಂತಲೂ ಹೆಚ್ಚು. ನೆತ್ತಿಯ ಸೂರ್ಯನನ್ನು ಬಿಟ್ಟು ಅಂಗೈಯ ಗಡಿಯಾರವನ್ನು ನಂಬುವುದನ್ನು ಪ್ರಯಾಣಿಕನು ಕಲಿಯಬೇಕಾಯಿತು.

ಈ ನಂಬಿಕೆಗೆ ಪ್ರಾಣಗಳೇ ಒತ್ತೆಯಾಗಿದ್ದವು. 1891ರಲ್ಲಿ ಅಮೆರಿಕೆಯ ಓಹಾಯೋ ಸಂಸ್ಥಾನದ ಕಿಪ್ಟನ್ ಎಂಬಲ್ಲಿ ಎರಡು ಗಾಡಿಗಳು ಡಿಕ್ಕಿ ಹೊಡೆದುವು. ಚಾಲಕನ ಗಡಿಯಾರವು ನಾಲ್ಕು ನಿಮಿಷ ನಿಂತು ಮತ್ತೆ ನಡೆದುದೇ ಕಾರಣವೆಂದು ಹೇಳಲಾಯಿತು. ಬಳಿಕ ವೆಬ್ ಬಾಲ್ ಎಂಬ ಗಡಿಯಾರದ ವ್ಯಾಪಾರಿಯು ಅಲ್ಲಿನ ರೈಲುಗಳಿಗಾಗಿ ಗಡಿಯಾರಗಳ ತಪಾಸಣೆಯನ್ನು ವ್ಯವಸ್ಥೆಗೊಳಿಸಿದನು. ವಾರಕ್ಕೆ 30 ಸೆಕೆಂಡುಗಳಿಗಿಂತ ಹೆಚ್ಚು ತಪ್ಪಕೂಡದೆಂಬುದು ಅಲ್ಲಿ ನಿಯಮವಾಯಿತು. ಮುಳ್ಳುಗಳು ಅಕಸ್ಮಾತ್ತಾಗಿ ಸರಿಯದಂತೆ, ಗಾಜಿನ ಬಳೆಯನ್ನು ಬಿಚ್ಚಿ ಸಣ್ಣ ಸನ್ನೆಯೊಂದನ್ನು ಎಳೆದ ಹೊರತು ವೇಳೆಯನ್ನು ತಿದ್ದಲಾಗದ ಏರ್ಪಾಡೂ ಬಂದಿತು.

ಆದರೆ ಮುಖದ ಮೇಲೆ ರೈಲುಗಾಡಿಯ ಚಿತ್ರವಿದ್ದ ಮಾತ್ರಕ್ಕೆ ಅದು ರೈಲ್ವೆಯ ಗಡಿಯಾರವಾಗದು. ರೋಸ್ಕೋಫ್ ಮಾದರಿಯ ಅಗ್ಗದ ಸ್ವಿಸ್ ಗಡಿಯಾರಗಳು ‘ರೈಲ್ವೆ ರೆಗ್ಯುಲೇಟರ್’ ಎಂಬ ಹೆಸರನ್ನು ಹೊತ್ತು ಸಾಮಾನ್ಯರಿಗೆ ಮಾರಾಟವಾದುವು. ನಿಜವಾದ ಸಾಕ್ಷ್ಯವನ್ನು ಬೆನ್ನಿನ ಮೇಲೆ ಕೆತ್ತಿದ ಕಂಪನಿಯ ಅಕ್ಷರಗಳಲ್ಲಿಯೂ ಸಂಖ್ಯೆಯಲ್ಲಿಯೂ ಹುಡುಕಬೇಕು. ಸದರ್ನ್ ಮರಾಠಾ ಕಂಪನಿಯು 1908ರಲ್ಲಿ ಮದರಾಸು ರೈಲ್ವೆಯೊಡನೆ ಕೂಡಿ ಎಂ. ಎಸ್. ಎಂ. ಆಯಿತು, 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಹಾಗಾದರೆ ಎಂ. ಎಸ್. ಎಂ. ಎಂಬ ಕೆತ್ತನೆಯು ಈ ಎರಡು ವರ್ಷಗಳ ನಡುವಿನದೆಂದು ನಾವು ಊಹಿಸಬಹುದು. ರಾಜನ ಬಿರುದಿನಿಂದ ಶಾಸನದ ಕಾಲವನ್ನು ನಿರ್ಣಯಿಸುವ ಕ್ರಮವೂ ಇದೇ ಅಲ್ಲವೆ?

ದುರ್ದೈವದಿಂದ, ಸಂಗ್ರಾಹಕರಿಗೆ ಹೊಳಪಿನ ಮೋಹ ಹೆಚ್ಚು. ಉಜ್ಜಿ ಉಜ್ಜಿ ಅಕ್ಷರಗಳನ್ನು ಸವೆಯಿಸುವರು; ಬೆಳ್ಳಿಯ ಆಸೆಗೆ ಕವಚವನ್ನು ಕರಗಿಸಿ ಯಂತ್ರವನ್ನು ಬಿಸಾಡುವುದೂ ಉಂಟು. ಗುಹೆಯ ಗೋಡೆಯನ್ನು ನುಣುಪು ಮಾಡಲೆಂದು ಮಂಗಲೇಶನ ಅಕ್ಷರಗಳನ್ನು ಯಾರಾದರೂ ಕೆತ್ತಿಹಾಕಿದರೆ ನಾವು ಸಹಿಸುವೆವೆ? ಕಲ್ಲು ಸಾವಿರ ವರ್ಷ ತಾಳೀತು. ತೆಳ್ಳನೆಯ ಬೆಳ್ಳಿಯು ಒಬ್ಬ ಅಕ್ಕಸಾಲಿಗನ ಒಂದು ಮಧ್ಯಾಹ್ನವನ್ನೂ ತಾಳದು. ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ರೈಲ್ವೆ ಗಡಿಯಾರವಿದ್ದರೆ, ಅದು ನಡೆಯದಿದ್ದರೂ ಚಿಂತೆಯಿಲ್ಲ. ಅದರ ಬೆನ್ನನ್ನು ಮೊದಲು ಓದಿ, ಬರೆದಿಟ್ಟುಕೊಂಡು, ಹಾಗೆಯೇ ಕಾಪಾಡಿರಿ.