ವುಝೂವಿನ ನೀರೂ ಗಾಲಿಕುರ್ಚಿಯೂ

ನಮಾಜಿಗೆ ಮುನ್ನ ಮುಖವನ್ನೂ ಮೊಣಕೈವರೆಗೆ ಕೈಗಳನ್ನೂ ತೊಳೆದು, ಒದ್ದೆಗೈಯಿಂದ ತಲೆಯನ್ನು ಸವರಿ, ಹರಡಿನವರೆಗೆ ಕಾಲುಗಳನ್ನು ತೊಳೆಯತಕ್ಕದ್ದೆಂಬುದು ಮುಸಲ್ಮಾನರ ಧರ್ಮವಿಧಿ. ಇದಕ್ಕೆ ವುಝೂ ಎಂದು ಹೆಸರು. ವಿಧಿಯು ಅಂದಿನಿಂದ ಇಂದಿನವರೆಗೆ ಒಂದೇ. ನೀರಿನ ಬಳಿಗೆ ಹೋಗುವ ದಾರಿ ಮಾತ್ರ ಎಲ್ಲರಿಗೂ ಒಂದೇ ಆಗಿಲ್ಲ.

ಪೂರ್ವದಲ್ಲಿ ದೊಡ್ಡ ಮಸೀದಿಗಳ ಅಂಗಳದಲ್ಲಿ ಹೌಜೆಂಬ ಕೊಳವಿರುತ್ತಿತ್ತು. ಒಂದನೆಯ ಆಲಿ ಆದಿಲ್‌ಶಹನು ಆರಂಭಿಸಿದ ವಿಜಯಪುರದ ಜಾಮಿ ಮಸೀದಿಯಲ್ಲಿ ಅದನ್ನು ಕಾಣಬಹುದು. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳವು ಹರಿಯುವ ನೀರಿಗೆ ಸಮಾನವಾದುದರಿಂದ ಹಲವರು ಮುಟ್ಟಿದ ಮಾತ್ರಕ್ಕೆ ಅಶುದ್ಧವಾಗದೆಂದು ಹನಫಿ ಶಾಸ್ತ್ರಜ್ಞರು ನಿರ್ಣಯಿಸಿದರು. ಮಳೆ ಕಡಿಮೆಯಾದ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯವರಿಗೆ ಈ ಲೆಕ್ಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೊಳದ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂರಲು ಶಕ್ತಿಯಿರಬೇಕು. ಟಿಪ್ಪು ಸುಲ್ತಾನನು 1787ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಮಸ್ಜಿದ್‌-ಎ-ಆಲಾದಂತೆ ಎತ್ತರದ ಜಗತಿಯ ಮೇಲಿರುವ ಮಸೀದಿಯಾದರೆ ಮೆಟ್ಟಿಲುಗಳನ್ನೂ ಹತ್ತಬೇಕು. ಕೊಳ ಹೋಗಿ ನಲ್ಲಿಗಳ ಸಾಲು ಬಂದ ಮೇಲೂ ಅದರ ಮುಂದೆ ಗಿಡ್ಡ ಕಲ್ಲುಪೀಠಗಳೇ ಉಳಿದವು.

ಇದರಲ್ಲಿ ಒಂದು ವಿನೋದವುಂಟು. ಅಲ್‌ ಜಝರಿಯೆಂಬ ಯಂತ್ರಶಿಲ್ಪಿಯು 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ, ಸೇವಕರು ನೀರೆರೆಯುವುದು ಹಿಡಿಸದ ಅರಸನಿಗಾಗಿ, ವುಝೂವಿಗೆ ತಾನೇ ನೀರೆರೆಯುವ ಬೊಂಬೆಯನ್ನು ವರ್ಣಿಸಿದ್ದಾನೆ. ನಡೆಯಬಲ್ಲ ಅರಸನಿಗೆ ಯಂತ್ರ ದೊರೆಯಿತು; ನಡೆಯಲಾರದ ಬಡವನು ಇನ್ನೂ ಮಗನ ತೋಳನ್ನೇ ಹಿಡಿಯಬೇಕಾಗಿದೆ.

ಶಾಸ್ತ್ರವು ನಿರ್ದಯವಾದುದಲ್ಲ. ನೀರು ಸಿಗದವನಿಗೂ ನೀರಿನಿಂದ ಕೇಡಾಗುವ ರೋಗಿಗೂ ಶುದ್ಧವಾದ ಮಣ್ಣಿನಿಂದ ತಯಮ್ಮುಮ್ ಮಾಡುವ ಅನುಮತಿಯಿದೆ. ನಮ್ಮ ಧರ್ಮಶಾಸ್ತ್ರಗಳ ಸಪ್ತಸ್ನಾನಗಳಲ್ಲಿ ಮೃತ್ತಿಕೆಯ ಭೌಮಸ್ನಾನವಿರುವಂತೆ. ನಿಲ್ಲಲಾರದವನು ಕುಳಿತೂ ಕೂರಲಾರದವನು ಮಲಗಿಯೂ ಪ್ರಾರ್ಥಿಸಬಹುದು. ಆದರೆ ದೇಹದ ಅಶಕ್ತಿಗೆ ಕೊಟ್ಟ ಈ ರಿಯಾಯಿತಿಯನ್ನು ಕಟ್ಟಡ ಕಟ್ಟುವವರು ತಮ್ಮದೆಂದು ಎಣಿಸಿಕೊಂಡಂತಿದೆ. ನಲವತ್ತು ವರ್ಷ ಒಂದೇ ಸಾಲಿನಲ್ಲಿ ನಿಂತ ವೃದ್ಧನು ಮೆಟ್ಟಿಲಿನ ದೆಸೆಯಿಂದ ಶುಕ್ರವಾರವೂ ಮನೆಯಲ್ಲೇ ಉಳಿದರೆ, ಅದನ್ನು ರೋಗದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಕಟ್ಟಡಗಳಲ್ಲಿ ಧಾರ್ಮಿಕ ಸ್ಥಳಗಳನ್ನೂ ಸೇರಿಸಿದೆ. ಇಳಿಜಾರು ಒಂದಕ್ಕೆ ಹನ್ನೆರಡರಂತಿರಬೇಕು. ಜಗತಿಯು 2 ಅಡಿಯಾದರೆ ದಾರಿ 24 ಅಡಿ. ಇಕ್ಕಟ್ಟಾದ ಅಂಗಳದಲ್ಲಿ ಇದು ಸುಲಭವಲ್ಲ. ಮುಖ ಕೈಗಳಿಗೆ, ಮೊಣಕಾಲು ತೂರುವಷ್ಟು ತೆರಪಿರುವ ಬೋಗುಣಿ ಸಾಕು. ಕಷ್ಟವಿರುವುದು ಕಾಲಿನಲ್ಲಿ: ಪಾದವನ್ನು ಬೋಗುಣಿಗೆ ಎತ್ತಲಾಗದವನಿಗೆ ಕೈಯಲ್ಲಿ ಹಿಡಿಯುವ ನೀರಿನ ಕೊಳವೆ, ಕೆಳಗೆ ಹರಿದುಹೋಗುವ ನೆಲ, ಗೋಡೆಗೆ ಹಿಡಿಕೆ ಬೇಕು. ಇನ್ನು ಬೀದಿಯ ಧೂಳು ಹೊತ್ತ ಗಾಲಿಗಳು ಜಮಖಾನದ ಮೇಲೆ ಹೋಗಬಹುದೆ ಎಂಬ ಶಂಕೆಯುಂಟು. ಬಾಗಿಲಲ್ಲಿ ಒರೆಸಲು ಒಂದು ಒದ್ದೆಬಟ್ಟೆ, ಇಲ್ಲವೇ ಒಳಗೇ ಇರುವ ಮತ್ತೊಂದು ಕುರ್ಚಿ.