ಪ್ರಸಂಗಗಳ ಪುನಃಪ್ರಯೋಗ ಮತ್ತು ಅದರ ವಿಮರ್ಶೆ

ಬಹುಕಾಲ ಆಡದೆ ಉಳಿದ, ಇಲ್ಲವೆ ಮೊಟಕಾದ ರೂಪದಲ್ಲಷ್ಟೇ ಬಳಕೆಯಲ್ಲಿರುವ ಯಕ್ಷಗಾನ ಪ್ರಸಂಗವೊಂದನ್ನು ಮತ್ತೆ ಬಯಲಾಟದ ರಂಗಕ್ಕೋ ತಾಳಮದ್ದಲೆಯ ಕೂಟಕ್ಕೋ ತರುವುದನ್ನು ಪ್ರಸಂಗದ ಪುನಃಪ್ರಯೋಗ ಎನ್ನಬಹುದು. ಪ್ರಸಂಗವೆಂದರೆ ಪುರಾಣದ ಅಥವಾ ಕಲ್ಪಿತ ಕಥೆಯೊಂದನ್ನು ರಾಗ ತಾಳಗಳ ಸೂಚನೆಯೊಂದಿಗೆ ಹಾಡಲು ಒದಗುವ ಪದ್ಯಗಳಲ್ಲಿ ಕಟ್ಟಿದ ಕೃತಿ. ಪಾತ್ರಗಳು ಆಡಬೇಕಾದ ಗದ್ಯದ ಮಾತು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಭಾಗವತನು ಪದ್ಯವನ್ನು ಹಾಡಿ ಮುಗಿಸಿದ ಮೇಲೆ ಪಾತ್ರಧಾರಿಯು ಅದರ ಭಾವವನ್ನು ಹಿಡಿದು ಆ ಕ್ಷಣದಲ್ಲೇ ಕಟ್ಟಿ ಆಡುವ ಮಾತಿಗೆ ಅರ್ಥವೆಂದೂ ಹಾಗೆ ಆಡುವವನಿಗೆ ಅರ್ಥಧಾರಿಯೆಂದೂ ಹೆಸರು. ಆದ್ದರಿಂದ ಹಳೆಯ ಪ್ರಸಂಗವನ್ನು ಕೈಗೆತ್ತಿಕೊಂಡವರಿಗೆ ದೊರೆಯುವುದು ಮಾತು ಮಾತೂ ಗೊತ್ತಾಗಿರುವ ನಾಟಕವಲ್ಲ, ಆಡುವವರೇ ತುಂಬಿಕೊಳ್ಳಬೇಕಾದ ಒಂದು ಕಥಾಲೋಕ. ಅದರ ಬೆಲೆ ಕಟ್ಟುವ ಕೆಲಸವೂ ಗ್ರಂಥಸಂಪಾದನೆಯ ಅಥವಾ ನಾಟಕವಿಮರ್ಶೆಯ ಅಳತೆಗಳಿಂದ ಪೂರ್ತಿ ನಡೆಯುವುದಿಲ್ಲ.

ವೇಷ, ಕುಣಿತಗಳಿಲ್ಲದೆ ಕುಳಿತಲ್ಲೇ ಅರ್ಥ ಹೇಳುವ ತಾಳಮದ್ದಲೆಯಲ್ಲಿ ಈ ಸ್ವರೂಪ ಎದ್ದು ಕಾಣುತ್ತದೆ. ಇದಕ್ಕೆ ದೂರದ ಹೋಲಿಕೆಯೊಂದು ಸಿಗುತ್ತದೆ: ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದಲ್ಲಿಯೂ ಒಬ್ಬನು ಕಥೆಯನ್ನು ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಹಿಸಿ ಮಾತಿನಲ್ಲೇ ಅದನ್ನು ಮುಂದಕ್ಕೆ ಒಯ್ಯುತ್ತಾರೆ. ಆಟಕ್ಕೆ ಆಧಾರವಾಗುವ ಕಲ್ಪಿತ ಲೋಕವು ಪುಸ್ತಕರೂಪದಲ್ಲಿ ಬರುತ್ತದೆ, ಹಳೆಯ ಲೋಕಗಳು ದಶಕಗಳ ಬಳಿಕ ಹೊಸ ಆವೃತ್ತಿಯಾಗಿ ಮರಳುವುದೂ ಉಂಟು. ವ್ಯತ್ಯಾಸವೂ ದೊಡ್ಡದೇ. ಮೇಜಿನಾಟದಲ್ಲಿ ಕಥೆಯ ಕೊನೆ ತೆರೆದಿರುತ್ತದೆ, ದಾಳದ ಬೀಳುವಿಕೆ ಅದನ್ನು ತಿರುಗಿಸಬಲ್ಲದು. ಯಕ್ಷಗಾನದಲ್ಲಿ ವಾಲಿ ಸಾಯುವುದೂ ಸಂಧಾನ ಮುರಿಯುವುದೂ ಎಲ್ಲರಿಗೂ ಮೊದಲೇ ಗೊತ್ತು. ಅಲ್ಲಿಗೆ ತಲುಪುವ ದಾರಿಯಲ್ಲಿ ಯಾರ ವಾದ ಎಷ್ಟು ನಿಲ್ಲುತ್ತದೆ ಎಂಬುದಷ್ಟೇ ಪ್ರತಿ ಸಲವೂ ಹೊಸದಾಗಿ ತೀರ್ಮಾನವಾಗುತ್ತದೆ.

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಬಡಾಬಡಗು ಎಂಬ ಪ್ರಭೇದದ ನೆಲೆ. ಪದ್ಯದ ಸಾಹಿತ್ಯವನ್ನು ಮುಖದಲ್ಲೂ ಕೈಯಲ್ಲೂ ಬಿಡಿಸಿ ತೋರುವ ಅಭಿನಯಕ್ಕೆ ಇಲ್ಲಿ ವಿಶೇಷ ಸ್ಥಾನವಿದೆ. ಹೊನ್ನಾವರದ ಬಳಿಯ ಕರ್ಕಿಯ ಮೇಳ ಬಹಳ ಹಳೆಯದು. ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ಅಡಿಪಾಯ ಹಾಕಲು ಪ್ರೇರಣೆಯಾದ ಕನ್ನಡ ತಂಡವನ್ನು ಈ ಮೇಳದೊಂದಿಗೆ ಗುರುತಿಸುವ ವಾಡಿಕೆಯಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಅವರ ಮಗ ಶಂಭು ಹೆಗಡೆಯವರು ಮುನ್ನಡೆಸಿ, 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಆರಂಭಿಸಿದರು. ಕಡತೋಕೆಯ ಭಾಗವತರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ನಟರೂ ಇದೇ ಸೀಮೆಯವರು. ಹಳೆಯ ಪ್ರಸಂಗವನ್ನು ಎತ್ತಿ ನಿಲ್ಲಿಸಲು ಬೇಕಾದ ಹಾಡಿನ ನೆನಪು, ಕುಣಿತದ ಮಟ್ಟು, ಪುರಾಣಜ್ಞಾನ ಮೂರೂ ಕೆಲವೇ ಹರಿದಾರಿಗಳ ಅಂತರದಲ್ಲಿ ದೊರೆಯುವುದರಿಂದ, ಪುನಃಪ್ರಯೋಗವನ್ನು ಪರೀಕ್ಷಿಸಲು ಈ ಪ್ರದೇಶಕ್ಕಿಂತ ತಕ್ಕ ಕ್ಷೇತ್ರ ಸಿಗುವುದು ಕಷ್ಟ.

ಪ್ರಸಂಗಗಳು ಬಳಕೆಯಿಂದ ಜಾರುವುದಕ್ಕೆ ಹಲವು ಕಾರಣಗಳಿವೆ. ಡೇರೆ ಮೇಳಗಳು ಟಿಕೆಟಿನ ಆಟಗಳಿಗೆ ವರ್ಷವರ್ಷವೂ ಹೊಸ ಕಥೆಯನ್ನು ಬೇಡಿದವು. ಇಡೀ ರಾತ್ರಿಯ ಆಟವು ಎರಡು ಮೂರು ಗಂಟೆಗಳ ಕಾಲಮಿತಿಗೆ ಇಳಿದಾಗ ಒಡ್ಡೋಲಗವೆಂಬ ಪಾತ್ರಪ್ರವೇಶದ ವಿಧಿ, ಪಾತ್ರವು ತನ್ನ ಹಿನ್ನೆಲೆಯನ್ನು ಹೇಳಿಕೊಳ್ಳುವ ಪೀಠಿಕೆ, ಕಥೆಗೆ ನೇರವಾಗಿ ಅಂಟಿಕೊಳ್ಳದ ಸನ್ನಿವೇಶಗಳು ಮೊದಲು ಬಿದ್ದುಹೋದವು. ಪದ್ಯಗಳು ಉಡುಪಿಯ ಪಾವಂಜೆ ಗುರುರಾವ್ ಮೊದಲಾದ ಪ್ರಕಾಶಕರ ಅಗ್ಗದ ಪುಸ್ತಕಗಳಲ್ಲಿ ಉಳಿದರೂ, ಯಾವ ಪದ್ಯವನ್ನು ಬಿಡಬೇಕು, ಯಾವುದನ್ನು ಯಾವ ಗತಿಯಲ್ಲಿ ಎತ್ತಬೇಕು, ಎಲ್ಲಿ ಮಾತಿಗೆ ಅವಕಾಶ ಕೊಡಬೇಕು ಎಂಬ ತಿಳಿವಳಿಕೆ, ಅಂದರೆ ಕಲಾವಿದರು ಪ್ರಸಂಗದ ನಡೆ ಎಂದು ಕರೆಯುವುದು, ಅಚ್ಚಿನಲ್ಲಿ ಉಳಿಯಲಿಲ್ಲ. ನಡೆ ಬಲ್ಲ ಭಾಗವತ ಇಲ್ಲವಾದ ಪ್ರಸಂಗವು ಕಪಾಟಿನಲ್ಲಿ ಇದ್ದರೂ ಇಲ್ಲದಂತೆಯೇ.

ಹೀಗೆ ಮರಳಿ ಬಂದ ಪ್ರಸಂಗವನ್ನು ತೂಗುವಾಗ ಮೊದಲು ನೋಡಬೇಕಾದದ್ದು ಮೂಲದ ಎಷ್ಟು ಪದ್ಯಗಳು ಉಳಿದಿವೆ ಎಂಬುದನ್ನಲ್ಲ, ಉಳಿದವುಗಳ ನಡುವೆ ಕಾರ್ಯಕಾರಣದ ಎಳೆ ಉಳಿದಿದೆಯೇ ಎಂಬುದನ್ನು. ದೇವಿದಾಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಕೃಷ್ಣಸಂಧಾನ’ ಎಂದೂ ಮರೆಯಾದ ಪ್ರಸಂಗವಲ್ಲವಾದರೂ ಮೊಟಕಾದ ರೂಪದಲ್ಲೇ ಹೆಚ್ಚು ಕಾಣಸಿಗುವುದರಿಂದ ಇದಕ್ಕೆ ಒಳ್ಳೆಯ ಉದಾಹರಣೆ. ರಾಯಭಾರಿಯಾಗಿ ಹಸ್ತಿನಾವತಿಗೆ ಬಂದ ಕೃಷ್ಣನು ಭೀಷ್ಮ ದ್ರೋಣರ ಮನೆಗಳನ್ನು ಬಿಟ್ಟು ವಿದುರನ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಮರುದಿನ ಸಭೆಗೆ ಬಂದಾಗ ಯಾರೂ ಏಳಕೂಡದೆಂದು ಕೌರವನು ಮೊದಲೇ ಕಟ್ಟಪ್ಪಣೆ ಮಾಡಿರುತ್ತಾನೆ. ಕೃಷ್ಣನು ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಒತ್ತಿದಾಗ ಸಿಂಹಾಸನ ವಾಲಿ ಕೌರವನೇ ಅವನ ಪಾದದ ಬುಡಕ್ಕೆ ಬೀಳುತ್ತಾನೆ. ಸಭೆಯಲ್ಲಿ ಕೌರವನು ಎತ್ತುವ ಮೊದಲ ಆಕ್ಷೇಪಣೆಯೇ ವಿದುರನ ಮನೆಯ ಆತಿಥ್ಯದ ಕುರಿತಾದದ್ದು. ಕಾಲಮಿತಿಗಾಗಿ ವಿದುರನ ಮನೆಯ ಭಾಗವನ್ನು ಕತ್ತರಿಸಿದ ಪ್ರಯೋಗದಲ್ಲಿ ಆ ಆಕ್ಷೇಪಣೆಗೆ ನೆಲೆಯೇ ಇರುವುದಿಲ್ಲ; ಕೌರವನ ಅರ್ಥಧಾರಿ ಪ್ರೇಕ್ಷಕರು ಕಾಣದ ಘಟನೆಯನ್ನು ಮಾತಿನಲ್ಲಿ ಹೇಳಿ ಆಮೇಲೆ ಅದನ್ನೇ ಖಂಡಿಸಬೇಕಾಗುತ್ತದೆ. ಕೃಷ್ಣನು ಭಕ್ತಿಯನ್ನೂ ಕುಲವನ್ನೂ ಕುರಿತು ಆಡಬಹುದಾಗಿದ್ದ ಮಾತೂ ಸೊರಗುತ್ತದೆ. ಅದಕ್ಕಿಂತ ದ್ರೌಪದಿಯ ಭಾಗವನ್ನು ಸಂಕ್ಷೇಪಿಸಿ ವಿದುರನನ್ನು ಉಳಿಸಿಕೊಂಡ ಪ್ರಯೋಗಕ್ಕೆ, ಪದ್ಯಗಳ ಸಂಖ್ಯೆ ಕಡಿಮೆಯಿದ್ದರೂ, ಹೆಚ್ಚಿನ ಬೆಲೆ ಸಲ್ಲಬೇಕು. ಅವಳ ಬಿಚ್ಚಿದ ಮುಡಿಯ ಸಂಕಟವನ್ನು ಒಂದೇ ಪದ್ಯದಲ್ಲಿ ಹಿಡಿಯಬಲ್ಲ ಭಾಗವತನಿದ್ದರೆ ಅಲ್ಲಿಯೂ ನಷ್ಟ ಹೆಚ್ಚಿರದು.

ಇದೇ ಸನ್ನಿವೇಶದ ಸಿಂಹಾಸನ ವಾಲುವ ಗಳಿಗೆ ಎರಡನೆಯ ಅಳತೆಯನ್ನು ಒದಗಿಸುತ್ತದೆ. ಬಯಲಾಟದಲ್ಲಿ ನಟನ ದೇಹ ಬೀಳುತ್ತದೆ, ಚಂಡೆಯ ಪೆಟ್ಟು ಅದನ್ನು ಹೇಳಿಬಿಡುತ್ತದೆ. ತಾಳಮದ್ದಲೆಯಲ್ಲಾದರೋ ಎಲ್ಲರೂ ಕುಳಿತೇ ಇರುವುದರಿಂದ, ಬಿದ್ದ ಕೌರವನು ತಾನು ಬಿದ್ದದ್ದು ನಮಸ್ಕಾರವಲ್ಲ ಎಂಬುದನ್ನು ವಾದದಿಂದಲೇ ಸ್ಥಾಪಿಸಬೇಕು. ಕೃಷ್ಣನು ಅದನ್ನು ನಮಸ್ಕಾರವೆಂದೇ ಸ್ವೀಕರಿಸಿ ಹರಸಿದರೆ ಕೌರವನ ಮುಂದಿನ ಮಾತಿಗೆ ಹೊಸ ಕಾವು ಏರುತ್ತದೆ. ಪದ್ಯದಲ್ಲಿ ಇದೆಲ್ಲ ಇರಬೇಕಾಗಿಲ್ಲ, ಆದರೆ ಇದಕ್ಕೆ ಎಡೆ ಇರಬೇಕು. ಪುನಃಪ್ರಯೋಗವೊಂದು ಸಂಪಾದಕನ ಅಥವಾ ನಿರ್ದೇಶಕನ ವ್ಯಾಖ್ಯಾನದಿಂದ ಎಷ್ಟು ತುಂಬಿರುತ್ತದೋ ಎದುರಾಳಿಗಳಿಬ್ಬರು ಒಬ್ಬರನ್ನೊಬ್ಬರು ಕೆಣಕುವ ಅವಕಾಶ ಅಷ್ಟು ಕುಗ್ಗುತ್ತದೆ. ಬರೆದು ಕಂಠಪಾಠ ಮಾಡಿಸಿದ ಅರ್ಥವು ತಪ್ಪಿಲ್ಲದೆ ಸಾಗಬಹುದು; ಆದರೂ ಅದು ಪ್ರಸಂಗವನ್ನು ಬದುಕಿಸಿತೆಂದು ಹೇಳುವುದು ಕಷ್ಟ.

ಈ ದೃಷ್ಟಿಯಿಂದ ಶಿವರಾಮ ಕಾರಂತರ ‘ಯಕ್ಷರಂಗ’ದ ಪ್ರಯೋಗಗಳು ಚರ್ಚೆಗೆ ಅರ್ಹವಾಗಿವೆ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾರಂತರು ಹಳೆಯ ವೇಷಭೂಷಣ, ರಾಗ ಮತ್ತು ಕುಣಿತಗಳನ್ನು ಶ್ರದ್ಧೆಯಿಂದ ಶೋಧಿಸಿ ಮರಳಿ ತಂದರು. ಆದರೆ ರಂಗದ ಮೇಲೆ ಅರ್ಥವನ್ನು ಕೈಬಿಟ್ಟು, ಹಾಡು ಮತ್ತು ನೃತ್ಯಗಳಿಂದಲೇ ಕಥೆಯನ್ನು ನಡೆಸಿ, ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ಸೇರಿಸಿದರು. ಕನ್ನಡ ಬಾರದ ಪ್ರೇಕ್ಷಕರಿಗೆ ಯಕ್ಷಗಾನವನ್ನು ಮುಟ್ಟಿಸುವಲ್ಲಿ ಈ ಮಾರ್ಗ ಗೆದ್ದಿತು, ರೂಪದ ಕುರಿತ ಎಚ್ಚರವನ್ನೂ ಕಲಿಸಿತು. ಹೊನ್ನಾವರ, ಕುಮಟಾದ ಪರಂಪರೆಯ ಕಡೆಯಿಂದ ನೋಡಿದರೆ ಅಲ್ಲಿ ಮರಳಿದ್ದು ಪ್ರಸಂಗದ ಚೆಲುವು, ಆಡುವವನ ಸ್ವಾತಂತ್ರ್ಯವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡದೆ ಬೇರೆಬೇರೆಯಾಗಿ ಗೌರವಿಸುವುದು ನ್ಯಾಯ.

ಇನ್ನೊಂದು ತೊಡಕು ಮಹಾನಟರಿಂದ ಬರುತ್ತದೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿಯವರ ಭಸ್ಮಾಸುರ, ಕೀಚಕ ಪಾತ್ರಗಳು ಆ ಪ್ರಸಂಗಗಳಿಗೆ ಹೊಸ ಆಯುಷ್ಯ ಕೊಟ್ಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಧ್ವನಿಮುದ್ರಣ, ದೃಶ್ಯಮುದ್ರಣಗಳು ಸುಲಭವಾದ ಮೇಲೆ ಅಂಥ ನಟನೊಬ್ಬನ ಒಂದು ರಾತ್ರಿಯ ಆಟವೇ ಪಾತ್ರದ ಅಧಿಕೃತ ರೂಪವೆಂದು ಗಣ್ಯವಾಗಿ, ಮುಂದಿನವರು ಮೂಲದ ಪದ್ಯವನ್ನು ಬಿಟ್ಟು ಮುದ್ರಿಕೆಯನ್ನೇ ಅನುಸರಿಸುವ ಅಪಾಯ ಹುಟ್ಟುತ್ತದೆ. ಮರಳಿ ಆಡುವ ತಂಡವು ಪದ್ಯಕ್ಕೆ ಹಿಂದಿರುಗಿದೆಯೋ ಹಿಂದಿನ ನಟನಿಗೋ ಎಂಬುದನ್ನು ವಿಮರ್ಶಕನು ಗುರುತಿಸಲೇಬೇಕು. ಗೌರವದ ಹೆಸರಿನಲ್ಲಿ ನಡೆಯುವ ಅನುಕರಣೆ ಆ ನಟನ ಸೃಷ್ಟಿಶೀಲತೆಗೂ ಸಲ್ಲದು.

ಹಳೆಯ ಪ್ರಸಂಗಗಳಲ್ಲಿ ಜಾತಿ, ಅಂಗವೈಕಲ್ಯ ಮತ್ತು ಸ್ತ್ರೀಯರ ಕುರಿತು ಇಂದು ಒಪ್ಪಲಾಗದ ಮಾತುಗಳು, ಅದರಲ್ಲೂ ಹಾಸ್ಯಗಾರನ ಭಾಗದಲ್ಲಿ, ಬರುತ್ತವೆ. ಇಂಥ ಪ್ರಶ್ನೆ ಮೇಜಿನಾಟಗಳ ಲೋಕದಲ್ಲಿಯೂ ಎದ್ದಿದೆ: 1989ರ ‘ಸ್ಪೆಲ್‌ಜಾಮರ್’ ಲೋಕವನ್ನು 2022ರಲ್ಲಿ 64 ಪುಟಗಳ ಮೂರು ಪುಸ್ತಕಗಳಾಗಿ ಮರಳಿ ತಂದಾಗ, ಹ್ಯಾಡೋಜೀ ಎಂಬ ಕಲ್ಪಿತ ಜನಾಂಗದ ವರ್ಣನೆ ಗುಲಾಮಗಿರಿಯ ನೆನಪು ತರುತ್ತದೆಂಬ ಆಕ್ಷೇಪ ಬಂದು ಪ್ರಕಾಶಕರು ಆ ಭಾಗವನ್ನು ತೆಗೆದು ಕ್ಷಮೆ ಕೇಳಿದರು. ಯಕ್ಷಗಾನಕ್ಕೆ ಇಲ್ಲಿ ಒಂದು ಅನುಕೂಲವಿದೆ. ಹಾಸ್ಯಗಾರನ ಮಾತು ಬಹುಮಟ್ಟಿಗೆ ಪದ್ಯದಲ್ಲಿ ಇಲ್ಲವಾದ್ದರಿಂದ ಅದನ್ನು ಬದಲಿಸಲು ಕೃತಿಯನ್ನು ತಿದ್ದಬೇಕಾಗಿಲ್ಲ. ಪದ್ಯದಲ್ಲೇ ಇರುವ ನಿಂದೆಯನ್ನು ಎದುರು ಪಾತ್ರದ ಅರ್ಥಧಾರಿ ಪ್ರಶ್ನಿಸಿ ಉತ್ತರಿಸಬಹುದು. ಹಾಗೆ ಉತ್ತರಿಸಿದ ಪ್ರಯೋಗವು ಸುಮ್ಮನೆ ಕತ್ತರಿಸಿದ ಪ್ರಯೋಗಕ್ಕಿಂತ ಮೇಲು.

ಹಾಡುಗಾರಿಕೆಯ ಪರೀಕ್ಷೆ ತಾಂತ್ರಿಕವಾದದ್ದು: ಪದ್ಯದ ಮೇಲೆ ಸೂಚಿಸಿದ ಜಂಪೆ, ಅಷ್ಟ, ರೂಪಕ ಮೊದಲಾದ ತಾಳಗಳನ್ನು ಉಳಿಸಿಕೊಂಡಿದ್ದಾರೆಯೇ, ಎಲ್ಲವನ್ನೂ ಚಪ್ಪಾಳೆ ಗಿಟ್ಟಿಸುವ ಗತಿಗೆ ತಂದಿದ್ದಾರೆಯೇ ಎಂಬುದನ್ನು ಮದ್ದಲೆಯ ನುಡಿಯೇ ಹೇಳುತ್ತದೆ.

ಪುನಃಪ್ರಯೋಗದ ಮೊದಲ ಪ್ರದರ್ಶನವು ಹೆಚ್ಚಾಗಿ ಉತ್ಸವದಲ್ಲೋ ಸಂಸ್ಮರಣೆಯ ಸಭೆಯಲ್ಲೋ ಆಯ್ದ ಕಲಾವಿದರನ್ನು ಕೂಡಿಸಿಕೊಂಡು ನಡೆಯುವುದರಿಂದ, ಅದರ ಯಶಸ್ಸಿನಲ್ಲಿ ಪ್ರಸಂಗದ ಪಾಲೆಷ್ಟು, ಕಲಾವಿದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲಾಗದು. ನಿಜವಾದ ಪರೀಕ್ಷೆ ನಡೆಯುವುದು ಅದನ್ನು ಬೇರೆ ಭಾಗವತ, ಬೇರೆ ಅರ್ಥಧಾರಿಗಳು ಎತ್ತಿಕೊಂಡಾಗ. ಮಳೆಗಾಲದಲ್ಲಿ ಬಯಲಾಟ ನಿಂತು, ಮನೆಯ ಜಗಲಿಯಲ್ಲಿ ಊರಿನ ಹವ್ಯಾಸಿಗಳು ತಾಳಮದ್ದಲೆಗೆ ಆ ಪ್ರಸಂಗವನ್ನು ಆರಿಸಿಕೊಂಡು, ಹೆಸರಾಂತ ಕಲಾವಿದರ ನೆರವಿಲ್ಲದೆ ನಡುರಾತ್ರಿಯವರೆಗೆ ವಾದವನ್ನು ಎಳೆಯಬಲ್ಲರಾದರೆ, ಪ್ರಸಂಗವು ಬಳಕೆಗೆ ಮರಳಿದೆ ಎಂದು ದಾಖಲಿಸಬಹುದು.