ಹೆಸರಿರುವ ಕಾಯಿಗಳು

1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ಅದೇ ವರ್ಷ ಪ್ರಷ್ಯದಲ್ಲಿ ರೈಸ್‌ವಿಟ್ಸ್ ಎಂಬ ಫಿರಂಗಿ ದಳದ ತರುಣ ಅಧಿಕಾರಿ, ಯುದ್ಧವನ್ನು ನಕ್ಷೆಯ ಮೇಲೆ ಆಡುವ ನಿಯಮಗಳನ್ನು ಪ್ರಕಟಿಸಿದ. ಕ್ರೀಗ್‌ಶ್ಪೀಲ್ ಎಂಬ ಆ ಆಟದಲ್ಲಿ ಕೆಂಪು, ನೀಲಿ ತುಂಡುಗಳೇ ಎರಡು ಸೈನ್ಯ. ಒಂದು ಪಾಳಿ ಎಂದರೆ ಎರಡು ನಿಮಿಷದ ಕಾದಾಟ. ಎಷ್ಟು ಜನ ಸತ್ತರು ಎಂಬುದನ್ನು ದಾಳ ಉರುಳಿಸಿ ಪಂಚ ಹೇಳುತ್ತಿದ್ದ. ಈ ಎರಡು ಘಟನೆಗಳಿಗೆ ಯಾವ ನಂಟೂ ಇಲ್ಲ. ಆದರೂ ಇಂದಿನ ಪಾಳಿ ಪದ್ಧತಿಯ ಯುದ್ಧದ ವಿಡಿಯೊ ಗೇಮ್‌ಗಳ ದಾರಿಯನ್ನು ಹಿಡಿದು ಬಂದಾಗ ಬೆಳಗಾವಿಯ ನನಗೆ ಇವೆರಡೂ ಒಟ್ಟಿಗೇ ನೆನಪಾಗುತ್ತವೆ.

ಪಾಳಿ ಆಟ ನಮಗೇನೂ ಹೊಸದಲ್ಲ. ಪಂಚಮಿ ಹಬ್ಬಕ್ಕೆ ನಮ್ಮ ಕಡೆಯ ಊರುಗಳಲ್ಲಿ ಕಟ್ಟೆಯ ಮೇಲೆ ಪಗಡಿ ಹಾಸು ಬಿಚ್ಚುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ಹೊಸ ಹೊಸ ಮಣೆಯಾಟಗಳನ್ನೇ ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗ ಪೂರ್ತಿ ಆಟಗಳದ್ದು. ಆದರೆ ಪಗಡಿಯಲ್ಲಿ ಹೊಡೆಸಿಕೊಂಡ ಕಾಯಿ ಮತ್ತೆ ಮೊದಲ ಮನೆಯಿಂದ ಹೊರಡುತ್ತದೆ. ಚದುರಂಗದ ಪದಾತಿ ಸತ್ತರೂ ಅವನ ಮನೆಯಲ್ಲಿ ಯಾರೂ ಅಳುವುದಿಲ್ಲ.

ಕಾಯಿಗೆ ಹೆಸರು ಬಂದದ್ದು ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಲ್ಲಿ ಆಟಗಾರ ಸೈನ್ಯ ನಡೆಸುವುದನ್ನು ಬಿಟ್ಟು ಒಬ್ಬನೇ ಪಾತ್ರವಾದ. ಅದನ್ನು ಕಂಪ್ಯೂಟರಿನಲ್ಲಿ ಮತ್ತೆ ರಣಾಂಗಣಕ್ಕೆ ಜೋಡಿಸಿದ ಪ್ರಯತ್ನಗಳಲ್ಲಿ ಎರಡು ಮುಖ್ಯ: 1988ರ ‘ಪೂಲ್ ಆಫ್ ರೇಡಿಯನ್ಸ್’ ಮತ್ತು ಜಪಾನಿನಲ್ಲಿ 1990ರಲ್ಲಿ ಶೋಜೊ ಕಾಗಾ ರೂಪಿಸಿದ ‘ಫೈರ್ ಎಂಬ್ಲೆಮ್’. ಎರಡನೆಯದರ ನಿಯಮ ಕಠೋರ. ನೀವು ಬೆಳೆಸಿದ ಸಿಪಾಯಿ ಒಮ್ಮೆ ಸತ್ತರೆ ಮುಗಿಯಿತು, ಮುಂದಿನ ಯುದ್ಧಕ್ಕೆ ಬರುವುದಿಲ್ಲ. ಈ ಇಡೀ ಪ್ರಕಾರದ ಜೀವ ಈ ನಿಯಮದಲ್ಲಿದೆ ಎಂದು ನಾನು ನಂಬಿದ್ದೇನೆ.

ಯಾಸುಮಿ ಮತ್ಸುನೊ 1995ರಲ್ಲಿ ‘ಟ್ಯಾಕ್ಟಿಕ್ಸ್ ಓಗರ್’ ಮಾಡಿ, 1997ರಲ್ಲಿ ಪ್ಲೇಸ್ಟೇಷನ್‌ಗೆ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ತಂದರು. ಈಗ ಮತ್ತೆ ಆಡಲು ಕೂತರೂ ಅದು ಹಳತಾಗಿಲ್ಲ. ಡಾರ್ಟರ್ ಎಂಬ ಪೇಟೆಯ ಕಾಳಗವನ್ನೇ ನೋಡಿ. ಮನೆಗಳ ಮಾಳಿಗೆಯ ಮೇಲೆ ಬಿಲ್ಲುಗಾರರು ನಿಂತಿದ್ದಾರೆ, ನಿಮ್ಮವರು ಕೆಳಗೆ ಬೀದಿಯಲ್ಲಿ. ಎತ್ತರದಲ್ಲಿದ್ದವನ ಬಾಣ ದೂರ ಹೋಗುತ್ತದೆ, ಕೆಳಗಿನವನದು ಮುಟ್ಟುವುದಿಲ್ಲ. ಬೆನ್ನು ಕೊಟ್ಟು ನಿಂತವನಿಗೆ ಏಟು ತಪ್ಪಿಸಿಕೊಳ್ಳುವುದು ಕಷ್ಟ. ಒಮ್ಮೆ ನೀನು, ಒಮ್ಮೆ ನಾನು ಎಂಬ ಸರಳ ಲೆಕ್ಕವೂ ಇಲ್ಲ. ಒಬ್ಬೊಬ್ಬನ ವೇಗ ಕೂಡುತ್ತ ಹೋಗಿ 100 ಮುಟ್ಟಿದಾಗ ಅವನ ಪಾಳಿ. ನೆಲಕ್ಕುರುಳಿದವನನ್ನು ಅವನ ಮೂರು ಪಾಳಿ ಕಳೆಯುವುದರೊಳಗೆ ಎಬ್ಬಿಸದಿದ್ದರೆ ಅವನು ಶಾಶ್ವತವಾಗಿ ಹೋದ. ಈ ಎಣಿಕೆ ಇಳಿಯುತ್ತಿರುವಾಗ ಮಾಳಿಗೆ ಹತ್ತಬೇಕೋ, ಗೆಳೆಯನ ಹತ್ತಿರ ಓಡಬೇಕೋ ಎಂದು ಯೋಚಿಸುವ ಸಂಕಟವನ್ನು ಬೇರೆ ಯಾವ ಪ್ರಕಾರವೂ ನನಗೆ ಕೊಟ್ಟಿಲ್ಲ.

ಬೆಳಗಾವಿಯಂಥ ಊರಿಗೆ ಇವು ತಡವಾಗಿ ಬಂದವು. ಮೊದಲು ಇಲ್ಲಿಗೆ ಮುಟ್ಟಿದ್ದು ಟಿವಿಗೆ ಸಿಕ್ಕಿಸುವ ನಕಲು ಯಂತ್ರಗಳು. ಅವುಗಳಲ್ಲಿ ಮಾರಿಯೊ, ಕಾಂಟ್ರಾ. ಆಮೇಲೆ ಸೈಬರ್ ಕೆಫೆಗಳ ಕಾಲ. ಅಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಡುವವರಿಗೆ ಕೌಂಟರ್ ಸ್ಟ್ರೈಕ್‌ನಂಥ ಓಟದ ಆಟಗಳೇ ಬೇಕು. ಒಂದು ನಡೆಗೆ ಹತ್ತು ನಿಮಿಷ ಯೋಚಿಸುವ ಆಟಕ್ಕೆ ಸ್ವಂತ ಯಂತ್ರ ಬೇಕು, ಪುರುಸೊತ್ತೂ ಬೇಕು. ಮೊಬೈಲ್ ಬಂದ ಮೇಲೆ ಎರಡೂ ಕೂಡಿಬಂದವು. ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ಅನ್ನು 2007ರಲ್ಲಿ ಪಿಎಸ್‌ಪಿ ಕೈಯಂತ್ರಕ್ಕೆಂದು ಮರುರೂಪಿಸಿದ ‘ವಾರ್ ಆಫ್ ದ ಲಯನ್ಸ್’ ಆವೃತ್ತಿ ಮುಂದೆ ಫೋನಿಗೂ ಬಂತು.

ಆ ಆಟದ ಕತೆಯ ಬೇರು ಇಂಗ್ಲೆಂಡಿನ ಗುಲಾಬಿಗಳ ಯುದ್ಧದಲ್ಲಿದೆ. ಸರದಾರರ ಮನೆಯ ಹುಡುಗ ರಾಮ್ಜಾ, ಅವನ ಜೊತೆಯೇ ಬೆಳೆದ ಬಡವರ ಮಗ ಡೆಲಿಟಾ. ಒತ್ತೆಯಾಳಾದ ಡೆಲಿಟಾನ ತಂಗಿಯನ್ನು, ಕೀಳು ಕುಲದವಳು ತಾನೆ ಎಂದು, ಸರದಾರರ ಕಡೆಯವರೇ ಬಾಣ ಬಿಟ್ಟು ಕೊಲ್ಲುತ್ತಾರೆ. ಕೊನೆಗೆ ಡೆಲಿಟಾ ರಾಜನಾಗಿ ಇತಿಹಾಸಕ್ಕೆ ಸೇರುತ್ತಾನೆ. ರಾಮ್ಜಾ ಧರ್ಮದ್ರೋಹಿ ಎನಿಸಿ ಅಳಿಸಿಹೋಗುತ್ತಾನೆ. ನಿಜ ಬರೆದಿಟ್ಟವನನ್ನು ಸುಡುತ್ತಾರೆ. ಶತಮಾನಗಳ ನಂತರ ಅವನ ವಂಶಜನೊಬ್ಬ ಆ ಬರಹವನ್ನು ಹೊರಗೆ ತರುತ್ತಾನೆ.

ಇದನ್ನು ಆಡುವಾಗ ಬೆಳಗಾವಿ ಸೀಮೆಯವನ ಮನಸ್ಸು ನಂದಗಡದ ಕಡೆ ಹೊರಳದೆ ಇರಲಾರದು. ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಇನಾಮು ಜಮೀನು ಕಸಿದುಕೊಂಡಿತು, ಉಳಿದದ್ದರ ಮೇಲೆ ಕಂದಾಯ ಏರಿಸಿತು. 1829-30ರಲ್ಲಿ ಸಂಗೊಳ್ಳಿ ರಾಯಣ್ಣ ಎದ್ದ. ಖಾನಾಪುರದ ಕಾಡು, ಹಂಡಿಬಡಗನಾಥದ ಗುಡ್ಡ ಅವನ ಪಡೆಗೆ ಆಸರೆ. ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿ. ಗುರಿ ಖಜಾನೆ ಮತ್ತು ಕಾಗದಪತ್ರ. ನಮ್ಮವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಸರ್ಕಾರದ ಕಡತದಲ್ಲಿ ಅವನು ದಂಗೆಕೋರ, ಲಾವಣಿಯಲ್ಲಿ ಶೂರ. ಎತ್ತರ, ಇಕ್ಕಟ್ಟು ಹಾದಿ, ಸಣ್ಣ ಪಡೆ, ದ್ರೋಹ: ಮತ್ಸುನೊ ಕಲ್ಪಿಸಿ ಕಟ್ಟಿದ್ದೆಲ್ಲ ಇಲ್ಲಿ ನಡೆದೇ ಹೋಗಿದೆ.

ನಂತರದ ವರ್ಷಗಳಲ್ಲಿ ಈ ಪ್ರಕಾರ ಮೃದುವಾಯಿತು. ‘ಫೈರ್ ಎಂಬ್ಲೆಮ್’ 2010ರಲ್ಲಿ ಸತ್ತವರು ಮರಳಿ ಬರುವ ಆಯ್ಕೆ ಕೊಟ್ಟಿತು. ಹೊಸಬರು ಬಂದರು ನಿಜ, ಆದರೆ ಆ ಆಯ್ಕೆಯಲ್ಲಿ ಆಡಿದವರಿಗೆ ಆಟದ ಅರ್ಧ ಮಾತ್ರ ಸಿಕ್ಕಿತು ಎಂಬುದು ನನ್ನ ಅಭಿಪ್ರಾಯ. 2012ರ ‘ಎಕ್ಸ್‌ಕಾಮ್’ ಸಾವಿನ ಕಠೋರತೆಯನ್ನು ಉಳಿಸಿಕೊಂಡೇ ಗೆದ್ದಿತು. 2025ರ ಸೆಪ್ಟೆಂಬರ್ 30ರಂದು ‘ದಿ ಇವಾಲಿಸ್ ಕ್ರಾನಿಕಲ್ಸ್’ ಹೆಸರಿನಲ್ಲಿ ಮತ್ಸುನೊರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಮತ್ತೆ ಬಂತು. ಮೂಲ ಪ್ರೋಗ್ರಾಮ್ ಕಳೆದುಹೋಗಿದ್ದರಿಂದ ತಂಡ ಅದನ್ನು ಮತ್ತೆ ಕಟ್ಟಬೇಕಾಯಿತು. ಯಾರ ಪಾಳಿ ಯಾವಾಗ ಎಂಬುದು ಈಗ ಪರದೆಯ ಪಕ್ಕದಲ್ಲೇ ಕಾಣುತ್ತದೆ, ಪಾತ್ರಗಳಿಗೆ ದನಿ ಬಂದಿದೆ. ಕನ್ನಡ ಮಾತ್ರ ಅದರಲ್ಲಿಲ್ಲ.

ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕಂಪನಿ 1997ರಷ್ಟು ಹಿಂದೆಯೇ ಆಟದ ಕೆಲಸಕ್ಕೆ ಇಳಿದಿತ್ತು. ಅನಿಮೇಷನ್ ಮತ್ತು ಗೇಮಿಂಗ್‌ಗೆ ರಾಜ್ಯ ಸರ್ಕಾರದ ಪ್ರತ್ಯೇಕ ನೀತಿಯೂ ಇದೆ. ಕೈಚಳಕಕ್ಕೆ ಕೊರತೆಯಿಲ್ಲ. ಬೀಡಿಯ ಕಚೇರಿಯಿಂದ ನಂದಗಡದವರೆಗಿನ ಕತೆಯನ್ನು ಯಾರಾದರೂ ಆಟವಾಗಿಸುವುದಾದರೆ ರಾಯಣ್ಣನೊಬ್ಬನಿಗೇ ಮುಖ ಕೊಟ್ಟರೆ ಸಾಲದು. ಅವನ ಜೊತೆ ಹೋರಾಡಿದ ಗಜವೀರ, ಬಿಚ್ಚುಗತ್ತಿ ಚನ್ನಬಸಪ್ಪ ಇವರ ಹೆಸರನ್ನು ಜನ ಇನ್ನೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಪಾತ್ರಗಳನ್ನು ಬರೆಯಲು ಕೂತವರು ಕಡತಕ್ಕಿಂತ ಮೊದಲು ಲಾವಣಿ ಹಾಡುವವರ ಹತ್ತಿರ ಹೋಗಲಿ.